ಪರದೆಯ ಗುಂಡು

ಹತ್ತಿ ತುಂಬಿದ ಪುಟ್ಟ ಚೀಲದೊಳಗೆ ಎರಡು ಕಬ್ಬಿಣದ ಗುಂಡು ಹಾಕಿ ಅದರ ಬಾಯಿ ಹೊಲಿಯುತ್ತಿದ್ದೆ. ಅತ್ತೆ ಎದುರಿಗೆ ಕುಳಿತು ನೋಡುತ್ತಿದ್ದಳು.

ಮನೆಯ ಮುಂಭಾಗದಲ್ಲೇ ನಮ್ಮದು ಕಿಟಕಿ ಪರದೆ ಹೊಲಿಯುವ ಅಂಗಡಿ. ಪರದೆ ಗಾಳಿಗೆ ಏಳದಿರಲೆಂದು ಅಂಚಿನ ಮಡಿಕೆಯಲ್ಲಿ ಈ ಗುಂಡುಗಳನ್ನು ಸೇರಿಸುತ್ತೇವೆ. ಕ್ಯಾನ್ಸರ್ ಆಗಿ ಅತ್ತೆಯ ಎಡ ಎದೆಯನ್ನು ಹೋದ ವರ್ಷ ತೆಗೆದಿದ್ದರು. ಅಂಗಿಯೊಳಗೆ ಬರೀ ಹತ್ತಿಯಿಟ್ಟರೆ ಕತ್ತಿನವರೆಗೂ ಸರಿದು ಬರುತ್ತಿತ್ತು, ಅದಕ್ಕೇ ಈ ಗುಂಡಿನ ಚೀಲ.

ಅತ್ತೆ ಅಪ್ಪನ ಒಡಹುಟ್ಟಿದ ತಂಗಿ. ಅದೇ ಚಪ್ಪಟೆ ಮೂಗು, ಅದೇ ಕೂಡುಹುಬ್ಬು, ನನ್ನದೂ ಅದೇ. ಅವಳ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಜೀನಿನಲ್ಲೇ ದೋಷವಿದೆ, ಹುಟ್ಟಿನಿಂದ ಬಂದದ್ದು ಎಂದಿದ್ದರು. ಅದು ಅಪ್ಪನಲ್ಲೂ ಇರಬಹುದು. ಇದ್ದರೆ ಅಕ್ಕನಿಗೂ ನನಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಅಪ್ಪನಲ್ಲಿ ಇಲ್ಲವೆಂದಾದರೆ ಅತ್ತೆಯ ಆ ದೋಷ ನಮ್ಮಿಬ್ಬರಿಗೂ ಬಂದಿರುವುದಿಲ್ಲ. "ಮೊದಲು ನಿಮ್ಮಪ್ಪ ಬರಲಿ" ಎಂದಿದ್ದರು.

ಅಪ್ಪ ನಕ್ಕಿದ್ದ. "ಎದೆ ಕಾಯಿಲೆ ಹೆಂಗಸರದ್ದು ಕಣೇ. ಗಂಡಸಿನ ರಕ್ತದಲ್ಲಿ ಏನು ಹುಡುಕ್ತಾರಂತೆ, ಹಾಲಾ?"

ಚೀಲ ಹೊಲಿದ ದಿನವೇ ಮಧ್ಯಾಹ್ನ ಅಕ್ಕನನ್ನು ಮದುವೆಯಾಗಲಿರುವ ಹುಡುಗ ತನ್ನ ತಾಯಿಯ ಜೊತೆ ಊಟಕ್ಕೆ ಬಂದ. ಅತ್ತೆ ಬಡಿಸುತ್ತಿದ್ದಳು. ಬಗ್ಗಿದಾಗ ಅಂಗಿಯೊಳಗಿನ ಚೀಲದ ಹೊಲಿಗೆ ಬಿಚ್ಚಿರಬೇಕು, ಗುಂಡೊಂದು ಟಕ್ಕನೆ ಬಿದ್ದು ಹುಡುಗನ ತಾಯಿಯ ಕಾಲ ಬಳಿ ಉರುಳಿತು.

"ಇದೇನ್ರೀ?"

"ಪರದೆ ಗುಂಡು!" ಅಪ್ಪ ಬಾಯ್ತುಂಬ ಅನ್ನ ಇಟ್ಟುಕೊಂಡೇ ಹೇಳಿದ. "ಬೇರೆಯವರ ಮನೆ ಊಟದಲ್ಲಿ ಕಲ್ಲು ಸಿಕ್ಕಿದ್ರೆ, ನಮ್ಮನೇಲಿ ಕಬ್ಬಿಣ ಸಿಗುತ್ತೆ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ಇನ್ನೊಂದು ಬಿತ್ತು. ಹುಡುಗನ ತಾಯಿಯ ಕಣ್ಣು ಅತ್ತೆಯ ಎದೆಯ ಮೇಲೆ ನಿಂತಿತು.

"ಇವರಿಗೆ ಆಪರೇಷನ್ ಆಗಿದ್ಯಾ? ಯಾರಿವರು, ನಿಮ್ಮ ತಂಗೀನಾ? ಮುಖ ಥೇಟ್ ನಿಮ್ಮ ಹಾಗೇ ಇದೆ."

ಅಪ್ಪ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ. ಮೀಸೆಯಲ್ಲಿ ಎಣ್ಣೆ ಹೊಳೆಯುತ್ತಿತ್ತು.

"ಅಯ್ಯೋ, ತಂಗಿ ಎಲ್ಲಿಂದ ಬಂತು? ಅಂಗಡೀಲಿ ಹೊಲಿಯೋಕೆ ಬರ್ತಾಳೆ. ಪಾಪ, ಯಾರೂ ದಿಕ್ಕಿಲ್ಲ ಅಂತ ಇಟ್ಕೊಂಡಿದ್ದೀವಿ."

"ಹೂಂ, ಪಾಪ" ಎಂದಳು ಅಮ್ಮ. ಅಕ್ಕ ತಟ್ಟೆಯನ್ನೇ ನೋಡುತ್ತಿದ್ದಳು.

ಅತ್ತೆ ಅನ್ನದ ಪಾತ್ರೆ ಎತ್ತಿಕೊಂಡು ಅಪ್ಪನ ಹತ್ತಿರ ಹೋದಳು.

"ಇನ್ನೊಂಚೂರು ಹಾಕ್ಲಾ, ಯಜಮಾನ್ರೇ?"

ಅಪ್ಪ ತಟ್ಟೆ ಮುಂದೆ ಒಡ್ಡಿದ. ಬಡಿಸಿದ್ದನ್ನು ಕಲಸಿ ತಿಂದ. ಒಂದಗುಳನ್ನೂ ಬಿಡಲಿಲ್ಲ.

ಅವರು ಹೋದ ಮೇಲೆ ಅಪ್ಪ ತೇಗಿ, ಗಿರಾಕಿಗಳಿಗೆ ತೋರಿಸುವ ಮಾದರಿ ಪರದೆಗೇ ಕೈ ಒರೆಸಿದ. "ಸದ್ಯ ಬಚಾವ್! ನನ್ನ ನಾಲಿಗೆ ಚುರುಕಾಗಿತ್ತು, ಮದುವೆ ಉಳೀತು."

"ನಂಗಂತೂ ಜೀವಾನೇ ಬಾಯಿಗೆ ಬಂದಿತ್ತು ಕಣಪ್ಪಾ" ಎಂದು ಅಕ್ಕ ನಕ್ಕಳು. ಅವಳ ಅಂಗಿಯ ಗುಂಡಿಗಳು ನಗುವಿಗೆ ಏರಿ ಇಳಿದವು. ನಾನು ಬೇರೆ ಕಡೆ ನೋಡಿದೆ.

ಅತ್ತೆ ಮೇಜಿನ ಕೆಳಗೆ ಮಂಡಿಯೂರಿ ಗುಂಡು ಹುಡುಕುತ್ತಿದ್ದಳು. ಒಂದನ್ನು ನಾನು ಹೆಕ್ಕಿ ಅವಳ ಅಂಗೈಯಲ್ಲಿಟ್ಟೆ. ಅಪ್ಪನ ಎದುರು ನಾನು ಬಾಯಿ ಬಿಡುವವಳಲ್ಲ. ದನಿ ಎಲ್ಲಿಂದಲೋ ಬಂತು.

"ಅಪ್ಪಾ, ನಾಳೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಾ."

ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಅಪ್ಪ ಹಲ್ಲುಸಂದಿಗೆ ಕಡ್ಡಿ ಹಾಕಿದ.