ಬ್ಯಾಟರಿಗಿಟ್ಟ ಕುಂಕುಮ

ಬಾನೆಟ್ಟಿನ ಮೇಲಿನ ಚೆಂಡುಹೂವಿನ ಹಾರ ಇನ್ನೂ ಬಾಡಿಲ್ಲ, ಗಾಳಿಗೆ ತೂಗುತ್ತಿದೆ, ಆಸ್ಪತ್ರೆಯ ಗಾಡಿ ಮಾತ್ರ ನಿಂತಿದೆ, ಕೆಮ್ಮಲಿಲ್ಲ, ನರಳಲಿಲ್ಲ, ಊದಿದ ದೀಪದಂತೆ ಸುಮ್ಮನಾಯಿತು, ಡ್ರೈವರ್ ಚಿತ್ತಪ್ಪ ಹಾರ್ನ್ ಒತ್ತಿದ, ಅದೂ ಸತ್ತಿದೆ, ಬೊಮ್ಮನಹಾಳ್ ಹಿಂದಾಯಿತು, ಬಳ್ಳಾರಿ ಇನ್ನೂ ದೂರ, ಎರಡೂ ಕಡೆ ಜೋಳದ ಹೊಲ, ಒಂದು ನರಪಿಳ್ಳೆ ಇಲ್ಲ, ಬೆನ್ನ ಹಿಂದಿನ ಜಾಲರಿಯಾಚೆ ಹೆರಿಗೆ ನೋವಿನ ಉಜ್ಜಿನಮ್ಮನ ಪಾದ, ಕಂಬಳಿಯಿಂದ ಹೊರಗೆ ಚಾಚಿದ ಒಂದೇ ಪಾದ, ನೋವು ಬಂದಾಗ ಕಾಲುಂಗುರದ ಬೆರಳು ಮಡಚುತ್ತದೆ, ಮತ್ತೆ ಬಿಚ್ಚುತ್ತದೆ. ಕೂಸು ಅಡ್ಡ ತಿರುಗೇತಿ, ರಕ್ತ ನಿಲ್ಲವಲ್ದು, ಹೊತ್ತು ಮುಳುಗೋದ್ರಾಗ ದೊಡ್ಡಾಸ್ಪತ್ರಿ ಮುಟ್ಟಸಪ್ಪಾ, ಎಂದಿದ್ದಳು ರಾಯದುರ್ಗದ ಸೂಲಗಿತ್ತಿ ಪಾಪಕ್ಕ. ಯಾಕ್ರಿ ಚಿತ್ತಣ್ಣ, ಯಾಕ ನಿಂದ್ರಿಸಿದ್ರಿ, ಎಂದು ಒಳಗಿಂದ ಉಜ್ಜಿನಮ್ಮನ ತಾಯಿ ಸುಂಕಮ್ಮ, ಏನಿಲ್ಲ ಯವ್ವಾ, ಒಂದೀಟು ಬಿಸಿಯಾಗೇತಿ, ಎಂದ ಸುಳ್ಳು ಅವನ ಬಾಯಲ್ಲೇ ಒಣಗಿತು, ಇಳಿದು ಇಂಜಿನ್ನಿನ ಮೂತಿಗೆ ಹ್ಯಾಂಡಲ್ ಹಾಕಿ ಭುಜ ಕಳಚುವಂತೆ ತಿರುಗಿಸಿದ, ಪೆಟ್ರೋಲು ಇದೆ, ಕಿಡಿ ಇಲ್ಲ, ಕಿಡಿ ಬರಬೇಕಾದ್ದು ಬ್ಯಾಟರಿಯಿಂದ, ಬಾನೆಟ್ ಎತ್ತಿದ — ಅಯ್ಯೋ ಶಿವನೇ.

ನಿನ್ನೆ ಆಯುಧಪೂಜೆ, ಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಈ ಗಾಡಿಯನ್ನು ಧರ್ಮಾಸ್ಪತ್ರೆಯ ಹಿತ್ತಲಲ್ಲಿ ತೊಳೆದು, ಹೊರಗೆ ಬಳಿದರೆ ಸಾಕೇ, ಗಾಡಿಯ ಜೀವ ಒಳಗಲ್ಲವೇ ಎಂದು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಸೀಸದ ಗೂಟಗಳಿಗೆ ವಿಭೂತಿ ಕಲಸಿ ಬಳಿದು, ಕುಂಕುಮವಿಟ್ಟು, ಮೇಲೆ ತಂತಿಯ ಕೊಂಡಿಯನ್ನು ತಾನೇ ಬಿಗಿದಿದ್ದ, ಕಾಂಪೌಂಡರ್ ಜಯಣ್ಣ ನಕ್ಕು, ಮದುವಣಗಿತ್ತಿ ಮಾಡಿಬಿಟ್ಟಿಯಲ್ಲೋ ಚಿತ್ತಪ್ಪ, ತಾಳಿ ಒಂದು ಕಟ್ಟಿಬಿಡು, ಮನಿಗೇ ಕರ್ಕೊಂಡು ಹೋಗು, ಎಂದಿದ್ದ, ಚಿತ್ತಪ್ಪನೂ ನಕ್ಕಿದ್ದ — ಆ ವಿಭೂತಿ ಒಣಗಿ ಗಾರೆಯಾಗಿದೆ, ಹಸಿಯಿದ್ದಾಗ ಹೇಗೋ ನಡೆಯಿತು, ದಾರಿಯ ಕುಲುಕಿಗೆ ಕೊಂಡಿ ಬೇರೆ, ಸೀಸ ಬೇರೆ. ಕೆರೆದರಾಯಿತು, ಜೇಬಿನ ಚಾಕು ತೆಗೆದು ಬಿಚ್ಚಿದ, ಕೈ ಏಳುತ್ತಿಲ್ಲ, ಮುತ್ತೈದೆ ಮಲಗಿರುವ ಗಾಡಿಯ ಕುಂಕುಮ, ಅಪ್ಪ ಹೋದ ದಿನ ಅವ್ವನ ಹಣೆ ಒರೆಸಿದ ಆ ಒದ್ದೆ ಬಟ್ಟೆ, ಕೆಂಪು ನೀರು ಅವ್ವನ ಮೂಗಿನವರೆಗೆ ಇಳಿದಿತ್ತು. ಸುಂಕಮ್ಮ ಇಳಿದು ಬಂದು ನೋಡಿಬಿಟ್ಟಳು, ಕುಂಕುಮ ಕೆರೀತೀರೇನ್ರಿ, ಬ್ಯಾಡ್ರಿ ನನ್ನಪ್ಪಾ, ಮಗಳು ಒಳಗದಾಳ. ಕೆರೀಲಿಲ್ಲಂದ್ರ ಗಾಡಿ ಏಳಂಗಿಲ್ಲ ಯವ್ವಾ. ಅವಳು ಜಾಲರಿಯತ್ತ ನೋಡಿದಳು, ಅವನೂ ನೋಡಿದ, ಬೆರಳು ಮಡಚಿತು, ಬಿಚ್ಚಲು ತಡಮಾಡಿತು. ಹಂಗಾರ ಚಾಕು ಇತ್ತ ಕೊಡ್ರಿ, ಪಾಪ ನನಗಿರ್ಲಿ. ಹೆತ್ತವಳ ಕೈಗೆ ಅದನ್ನು ಹೇಗೆ ಕೊಡುವುದು, ತಾನೇ ಕೆರೆದ, ಕಣ್ಣು ಮುಚ್ಚಿ ಕೆರೆದ, ಉಗುರಿನ ಸಂದಿಗೆಲ್ಲ ಕೆಂಪು, ಸೀಸ ಹೊಳೆಯಿತು, ಕೊಂಡಿ ಬಿಗಿದ, ಹತ್ರಿ ಯವ್ವಾ, ಹತ್ರಿ, ಹ್ಯಾಂಡಲ್ ಒಂದು ಸುತ್ತು, ಎರಡು, ಇಂಜಿನ್ ಗುಡುಗಿತು, ಹಾರಿ ಕೂತು ಗೇರು ಹಾಕಿ ಹಿಂದೆ ತಿರುಗಿದ, ಗಾಡಿಯೆಲ್ಲ ನಡುಗುತ್ತಿದೆ, ಜಾಲರಿ ನಡುಗುತ್ತಿದೆ, ಕಂಬಳಿ ನಡುಗುತ್ತಿದೆ, ಕಾಲುಂಗುರದ ಬೆರಳೂ ನಡುಗುತ್ತಿದೆ, ಅದು ಅವಳೋ ಇಂಜಿನ್ನೋ, ಮಡಚಲಿ, ಒಂದು ಸಲ ಮಡಚಲಿ, ನಡುಗುತ್ತಿದೆ, ಆ ಬೆರಳು ಬರೀ ನಡುಗುತ್ತಿದೆ —