ಕಣ್ಣಿನ ಹಂಗು

ಫ್ಯಾನು ತಿರುಗ್ತಾ ಇದೆ, ಕಂಪ್ಯೂಟರಿನ ಒಳಗಿನ ಸಣ್ಣ ಫ್ಯಾನು, ಅಂದ್ರೆ ಜೀವ ಇದೆ, ಮಾತು ಮಾತ್ರ ಇಲ್ಲ — ನಮಸ್ಕಾರ ಧರ್ಮೇಶ್ ಅನ್ನಬೇಕಿತ್ತು, ಶುರುವಾದ ಕೂಡಲೇ ಅದೇ ಮೊದಲ ಮಾತು ಅಂತ ನಾನೇ ಬರೆದಿಟ್ಟಿದ್ದೆ, ಇರಲಿ, ಇನ್ನೊಂದು ನಿಮಿಷ ಕಾಯೋಣ, ಕಿಟಕಿಯಿಂದ ಕೊಬ್ಬರಿ ವಾಸನೆ, ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ತಡ ಅಂತ ಹೇಳ್ತಿರೋ ಹೆಂಗಸಿನ ಧ್ವನಿ, ಅವಳೂ ಯಂತ್ರವೇ, ಅವಳು ಮಾತಾಡ್ತಾಳೆ, ನನ್ನದು ಆಡಲ್ಲ. ಎಂಟು ತಿಂಗಳು ಕೂತು ಕಟ್ಟಿದ್ದು. ಕಂಪ್ಯೂಟರನ್ನ ನಡೆಸೋಕೆ ಯಾರೋ ಮಾಡಿದ ಲಿನಕ್ಸ್ ಇತ್ತಲ್ಲ, ಪರದೆ ಮೇಲಿನದನ್ನೆಲ್ಲ ಓದಿ ಹೇಳ್ತಿತ್ತಲ್ಲ, ಸಾಲದಾಗಿತ್ತಾ — ಸಾಲದಾಗಿತ್ತು, ಕಣ್ಣಿಲ್ಲದೋನು ಇದ್ದದ್ದನ್ನ ಬಳಸ್ಕೊಂಡು ಸುಮ್ನಿರೋದಲ್ವಾ ಅಂತ ಆಫೀಸಿನಲ್ಲಿ ಪುಟ್ಟಸ್ವಾಮಿ ಅಂದದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು, ಅದಕ್ಕೇ ಒಂದೊಂದೇ ತುಂಡನ್ನ ಬುಡದಿಂದ ಕಟ್ಟಿದೆ, ತಳದಲ್ಲಿ ಯಂತ್ರ ನಡೆಸೋ ಕರ್ನಲ್ಲು, ಅದರ ಮೇಲೆ ನಾನು ಹೇಳಿದ್ದನ್ನ ಕೇಳೋ ಶೆಲ್ಲು, ಅದರ ಮೇಲೆ ಧ್ವನಿ, ಹಳೇಬೀಡಿನ ಗೋಡೆ ಥರ, ಅವತ್ತು ಮೀನಾಕ್ಷಿ ಅಕ್ಕ ನನ್ನ ಕೈ ಹಿಡಿದು ತೋರಿಸಿದ್ದಳು, ಕೆಳಗೆ ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಒಂದೊಂದು ಸಾಲಿಗೂ ಅವಳ ಉಗುರು ಕಲ್ಲಿನ ಮೇಲೆ ಟಕ್, ಇಲ್ಲಿ ಕಣೋ ಧರ್ಮ, ಇದು ಮೂರನೇ ಸಾಲು, ಮುಟ್ಟಬಾರದು ಕಣ್ರೀ ಅಂತ ಕಾವಲಿನವನು ಬಂದ, ಮುಟ್ತಾ ಇಲ್ಲ ಸಾರ್, ನಮ್ಮ ತಮ್ಮ ನೋಡ್ತಾ ಇದಾನೆ ಅಂದಳು, ಅವನ ಬೂಟಿನ ಸದ್ದು ಆಚೆ ಹೋಯ್ತು.

ಅದೇ ಉಗುರು ಈ ಪರದೆಯ ಮೇಲೂ, ಧ್ವನಿ ನಿಂತುಹೋದಾಗಲೆಲ್ಲ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಪಕ್ಕದ ಸ್ಟೂಲಿನಲ್ಲಿ ಕೂತು, ಡೆಟಾಲ್ ವಾಸನೆ, ಸಾಲು ಸಾಲಾಗಿ ಟಕ್ ಟಕ್, ಅರ್ಥ ಆಗದ ಇಂಗ್ಲಿಷನ್ನ ಅಕ್ಷರ ಬಿಡಿಸಿ ಓದೋಳು, ಒಂದು ಸಂಜೆ ಒಂದು ಸಾಲು ಬಿಟ್ಟಳು, ಆಕಳಿಸಿದಳು, ಅಷ್ಟಕ್ಕೇ ನಾನು — ನಿನ್ನ ಕಣ್ಣಿನ ಹಂಗು ನನಗೆ ಬೇಡ ಕಣಕ್ಕ, ನಂದು ನಾನೇ ಮಾತಾಡಿಸ್ಕೊಳ್ತೀನಿ. ಸರಿ ಬಿಡಪ್ಪ ಅಂದಳು. ಮುಂದಿನ ವಾರ ಬೇಲೂರಿಗೆ ವರ್ಗ ಆಯ್ತು, ಹೋದಳು, ಭಾನುವಾರ ಭಾನುವಾರ ಅವಳೇ ಫೋನ್ ಮಾಡ್ತಾಳೆ, ಊಟ ಆಯ್ತಾ, ಹ್ಞೂಂ, ಮಾತಾಡ್ತಾ ನಿನ್ನ ಕಂಪ್ಯೂಟರು, ಆಡುತ್ತೆ, ಫೋನ್ ಇಡ್ಲಾ. ಇಟ್ಟಮೇಲೆ ಮನೆ ಎಷ್ಟು ದೊಡ್ಡದಾಗುತ್ತೆ. ಆ ಹಟಕ್ಕೇ ಇವತ್ತು ಬೆಳಗ್ಗೆ ಹಳೇ ಲಿನಕ್ಸನ್ನ ಪೂರ್ತಿ ಅಳಿಸಿ ಅದರ ಜಾಗದಲ್ಲಿ ನನ್ನದನ್ನ ಕೂರಿಸಿದೆ, ವಾಪಸ್ ಹೋಗೋಕೆ ದಾರಿಯಿಲ್ಲ, ಪೆದ್ದ, ಧ್ವನಿ ಹೊರಡಿಸೋ ಸೌಂಡ್ ಕಾರ್ಡಿನ ಡ್ರೈವರ್ ಸೇರಿಸಿದ್ನೋ ಬಿಟ್ನೋ, ತಪ್ಪೇನಂತ ಪರದೆ ಮೇಲೆ ಬಂದಿರುತ್ತೆ, ಓದೋರು ಬೇಕಲ್ಲ, ಫೋನಿನ ಕ್ಯಾಮೆರಾ ಹಿಡಿದರೆ ಎದುರಿಗಿರೋದನ್ನ ಹೇಳೋ ಆ್ಯಪು ಕಪ್ಪು ಪರದೆ, ಬಿಳಿ ಅಕ್ಷರ ಅಂತ ಮಾತ್ರ ಹೇಳ್ತು, ಪಕ್ಕದ ಮನೆ ಜಾನಕಮ್ಮನ್ನ ಕರೆದೆ, ಬಗ್ಗಿ ನೋಡಿದ್ರು, ಏನೋ ಇಂಗ್ಲಿಷ್ ಐತಪ್ಪ, ಇರುವೆ ಸಾಲು ಥರ ಐತೆ, ಅಂದು ಹೊರಟುಹೋದ್ರು. ಇನ್ಯಾರು. ಇನ್ಯಾರೂ ಇಲ್ಲ ನನಗೆ, ಅದು ಗೊತ್ತಿದ್ದೂ ಅವತ್ತು ಅಕ್ಕನಿಗೆ ಹಾಗಂದೆ.

ಫೋನ್ ಕೈಯಲ್ಲಿ, ಅವಳಿಗೆ ವಿಡಿಯೋ ಕಾಲ್, ರಿಂಗಾಗ್ತಿದೆ, ಎತ್ತದೇ ಇದ್ರೆ ಸಾಕು, ಎತ್ತಲಿ — ಏನೋ, ನೀನಾಗೇ ಮಾಡಿದೀಯ, ಹುಷಾರಿದೀಯ ತಾನೇ, ಫೋನನ್ನ ಪರದೆ ಕಡೆ ತಿರುಗಿಸ್ತೀನಿ, ಎಡಕ್ಕೆ ಅಂತಾಳೆ, ಇನ್ನೂ ಸ್ವಲ್ಪ, ಹ್ಞಾಂ, ಅಲ್ಲೇ ಹಿಡ್ಕೊ, ಓದ್ತಾ ಇರಬೇಕು, ನಿಧಾನಕ್ಕೆ ಓದಕ್ಕ, ಸಾಲು ಬಿಟ್ಟರೂ ಬಿಡು, ತಪ್ಪು ಸಿಕ್ಕಿ ಇದಕ್ಕೆ ಮಾತು ಬಂದುಬಿಟ್ರೆ ಆಮೇಲೆ ನಾನು ಯಾವ ನೆಪಕ್ಕೆ ನಿನ್ನ ಕರೀಲಿ, ಫ್ಯಾನು ತಿರುಗ್ತಾ ಇದೆ, ಪಕ್ಕದಲ್ಲಿ ಖಾಲಿ ಸ್ಟೂಲು, ಅಲ್ಲಿ, ಬೇಲೂರಿನಲ್ಲಿ, ಅವಳ ಫೋನಿನ ಗಾಜಿನ ಮೇಲೆ, ಉಗುರು, ಟಕ್, ಒಂದನೇ ಸಾಲು, ಟಕ್, ಎರಡು, ಇಲ್ಲಿ ಕಣೋ ಧರ್ಮ, ಟಕ್ —