ಬೀರಪ್ಪ ಬಂದು ಕೇಳಲಿ

ಮಾಯವ್ವನದು ಉಳ್ಳಾಗಡ್ಡಿಯ ಸೊಪ್ಪು ಕೊಯ್ಯುವ ಕೂಲಿ. ಬೆಳಗಿನಿಂದ ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಕುಡಗೋಲು ಆಡಿಸಬೇಕು. ಸಂಜೆ ಏಳಬೇಕೆಂದರೆ ಸೊಂಟ ಮಾತು ಕೇಳುವುದಿಲ್ಲ. ಕಣ್ಣು ಕೆಂಪು. ಕೈ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಇಷ್ಟಾದರೂ ಗಂಟಲು ಮಾತ್ರ ಗಟ್ಟಿ. ಅವಳ ಆಸ್ತಿ ಎಂದರೆ ಅದೊಂದೇ. ಅದಕ್ಕೂ ಒಬ್ಬ ಮಾಲೀಕ ಹುಟ್ಟಿಕೊಂಡ.

ನಾನು ಅಕೀಲ. ಹುಟ್ಟಿದ್ದು ಇಳಕಲ್ಲಿನಲ್ಲಿ, ಹೊಟ್ಟೆ ಹೊರೆಯುವುದು ಬಾಗಲಕೋಟೆಯಲ್ಲಿ. ಮೈಕ್‌ಸೆಟ್ಟು ನನ್ನ ಕಸುಬು. ಮದುವೆ, ಭಾಷಣ, ಚುನಾವಣೆ, ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಈಗ ಇವುಗಳ ಜೊತೆಗೆ ಸ್ವತಂತ್ರ ಸಂಗೀತವೂ ಸೇರಿದೆ. ದೊಡ್ಡ ಊರುಗಳಲ್ಲಿ ಹುಟ್ಟಿದ್ದು ನಮ್ಮ ಸಣ್ಣ ಊರಿಗೂ ಬಂತು. ಅದಕ್ಕೆ ಸಿನಿಮಾದವರ ಹಂಗಿಲ್ಲ, ಕಂಪನಿಯವರ ಹಂಗಿಲ್ಲ. ಹಾಡು ಕಟ್ಟಿದವರ ಹಂಗಂತೂ ಮೊದಲೇ ಇಲ್ಲ.

ನವನಗರದ ‘ಮಣ್ಣು’ ಎಂಬ ಕೆಫೆ ಇದಕ್ಕೆಲ್ಲ ಗುಡಿಯಿದ್ದ ಹಾಗೆ. ಪ್ರತಿ ಶನಿವಾರ ಸಂಜೆ ಲೈವ್ ಸಂಗೀತ. ಹೊರಗೆ ‘ಅನ್‌ಪ್ಲಗ್ಡ್’ ಎಂದು ಬೋರ್ಡು ಹಾಕಿರುತ್ತಾರೆ, ಒಳಗೆ ನಾನು ಚೀಲದ ತುಂಬ ಪ್ಲಗ್ಗು ಒಯ್ಯಬೇಕು. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ ಹೊಡೆಸಿದ್ದಾರೆ. ಖರೇ ಮಣ್ಣು ಒಳಗೆ ಬರದಿರಲೆಂದು ಬಾಗಿಲಿಗೆ ಕಾಲೊರಸು ಹಾಸಿದ್ದಾರೆ. ಮಾಲೀಕ ಪ್ರವೀಣಕುಮಾರ. ಗಿಟಾರ್ ನುಡಿಸುತ್ತಾನೆ, ಹಾಡುತ್ತಾನೆ, ನೆಲದ ಸೊಗಡು ಎನ್ನುವಾಗ ಕಣ್ಣು ಮುಚ್ಚುತ್ತಾನೆ. ಅವನ ಅಜ್ಜನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಪರಿಹಾರವಾಗಿ ಸಿಕ್ಕ ಮೂಲೆ ನಿವೇಶನದ ಮೇಲೆಯೇ ‘ಮಣ್ಣು’ ನಿಂತಿದೆ.

ಮಾಯವ್ವನ ಊರು ಕರಿಹಾಳವೂ ಅದೇ ನೀರಿನಲ್ಲಿ ಮುಳುಗಿತು. ಅವಳಿಗೆ ಮೂಲೆ ನಿವೇಶನ ಸಿಗಲಿಲ್ಲ. ಪುನರ್ವಸತಿ ಕೇಂದ್ರದಲ್ಲಿ ತಗಡಿನ ಸೂರು ಸಿಕ್ಕಿತು. ನನ್ನ ಅಂಗಡಿ ಆ ಕೇಂದ್ರದ ಎದುರಿಗೇ ಇದೆ. ಕರೆಯುವ ವಾಡಿಕೆಯಲ್ಲಿ ಅವಳು ನನಗೆ ಅತ್ತಿ, ಅವಳಣ್ಣ ಅಮಸಿದ್ದಪ್ಪ ಕಾಕಾ. ಅವರು ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಕಾಕಾ ಡೊಳ್ಳು ಬಾರಿಸುತ್ತಾನೆ, ಅತ್ತಿ ಹಾಡುತ್ತಾಳೆ, ಅವಳ ಸೊಸೆ ದಾನಮ್ಮ ತಾಳ ಹಿಡಿದು ದನಿಗೂಡಿಸುತ್ತಾಳೆ. ಊರಿಗೆ ನೀರು ನುಗ್ಗಿದ ವರ್ಷ ಅತ್ತಿ ಒಂದು ಪದ ಕಟ್ಟಿದ್ದಳು.

ಬೀಸೂಕಲ್ಲ ಹೊರಲಿಲ್ಲ, ನೀರಾಗ ಬಿಟಬಂದೆ
ಮೀನ ಬೀಸ್ಯಾವೇನ ನನ ಕಲ್ಲ?

ಈ ಸಾಲು ಬಂದಾಗ ಕೇಂದ್ರದ ಹೆಂಗಸರು ಇವತ್ತಿಗೂ ಸೆರಗು ಕಣ್ಣಿಗೊತ್ತಿಕೊಳ್ಳುತ್ತಾರೆ. ಪದದ ಕೊನೆಯಲ್ಲಿ ಊರಿನ ಹೆಸರು, ದೇವರ ಹೆಸರು, ಹಾಡಿದವಳ ಹೆಸರು ಬರಬೇಕು. ಅದು ಬರುವ ತನಕ ಡೊಳ್ಳು ನಿಲ್ಲುವಂತಿಲ್ಲ. ಇನ್ನೊಂದು ಕಟ್ಟುಪಾಡೂ ಇದೆ. ಹಾಡಿನಲ್ಲಿ ಯಾರಿಗಾದರೂ ಸವಾಲು ಹಾಕಿದರೆ, ಜವಾಬು ಬರುವ ತನಕ ಡೊಳ್ಳನ್ನು ಗೂಟಕ್ಕೆ ತೂಗುಹಾಕಬಾರದು.

ಒಂದು ದಿನ ಪ್ರವೀಣಕುಮಾರ ಕ್ಯಾಮೆರಾ ಹಿಡಿದುಕೊಂಡು ಕೇಂದ್ರಕ್ಕೆ ಬಂದ. ಅತ್ತಿ ಕೂಲಿಯಿಂದ ಆಗಷ್ಟೇ ಬಂದಿದ್ದಳು. ಮುಖ ತೊಳೆದು ಹಾಡಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಕಣ್ಣು ತೆರೆದು ಕೇಳಿದ.

‘ಅಮ್ಮಾರ, ಈ ಹಾಡು ನಿಮ್ದೇನ್ರಿ?’

‘ಅಯ್ಯ, ನಂದ್ಯಾಕ ಆಗ್ತೈತ್ರೀ ಸಾವ್ಕಾರ್ರ? ನಂದೇನೈತಿ? ಎಲ್ಲಾ ಬೀರಪ್ಪಂದು.’

‘ಇನ್ನೊಮ್ಮೆ ಹೇಳ್ರಿ, ಕ್ಯಾಮೆರಾ ನೋಡ್ಕೋತ.’

‘ಹಾಡು ನಂದಲ್ರಿ. ಬೀರಪ್ಪಂದು.’

ಅವನ ಮುಖ ಅರಳಿತು. ನಾವು ಅದನ್ನು ಭಕ್ತಿ ಎಂದುಕೊಂಡೆವು.

ಡೊಳ್ಳಿನ ಪದ ಹಾಡುವವರು ಯಾರೂ ‘ಇದು ನನ್ನದು’ ಎನ್ನುವುದಿಲ್ಲ. ಅಂದರೆ ನಾಲಗೆ ಹಿಡಿದುಕೊಳ್ಳುತ್ತದೆ ಎಂದು ನಂಬಿದವರು ಅವರು. ಊಟಕ್ಕೆ ಕರೆದು, ‘ನಮ್ಮ ಮನ್ಯಾಗ ಏನೈತ್ರಿ’ ಎನ್ನುತ್ತಲೇ ತಾಟು ತುಂಬ ಬಡಿಸುತ್ತೇವಲ್ಲ, ಅಂಥ ಮಾತು ಅದು. ಆ ಮಾತನ್ನೇ ಹಿಡಿದು ಮನೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳುವ ಅತಿಥಿಯನ್ನು ಅತ್ತಿ ಅದುವರೆಗೂ ಕಂಡಿರಲಿಲ್ಲ.

ಕೆಲವು ತಿಂಗಳಲ್ಲಿ ಹಾಡು ಎಲ್ಲರ ಮೊಬೈಲಿಗೆ ಬಂತು. ಪ್ರವೀಣಕುಮಾರ ಹಿನ್ನೀರಿನ ದಂಡೆಯಲ್ಲಿ ಹೆಗಲ ಮೇಲೆ ಬಾಡಿಗೆ ಕಂಬಳಿ ಹಾಕಿಕೊಂಡು ದೂರ ನೋಡುತ್ತಿದ್ದ. ಅವನು ಕುರಿಯನ್ನು ಸಮೀಪದಿಂದ ಕಂಡಿದ್ದು ಬಿರಿಯಾನಿಯಲ್ಲಿ ಮಾತ್ರ. ಸಾಹಿತ್ಯ, ಸಂಗೀತ, ಪರಿಕಲ್ಪನೆ ಎಲ್ಲಕ್ಕೂ ಅವನದೇ ಹೆಸರು. ಕೊನೆಗೆ ‘ಹಳ್ಳಿಯ ಮುಗ್ಧ ಜನರಿಗೆ ಕೃತಜ್ಞತೆ’ ಎಂದಿತ್ತು. ಅದರಲ್ಲಿ ಅತ್ತಿಗೂ ಒಂದು ಪಾಲು ಬಂತೆಂದು ಲೆಕ್ಕ. ಹಾಡು ಉದ್ದವಾಯಿತೆಂದು ಕೊನೆಯ ನುಡಿಯನ್ನು ಕತ್ತರಿಸಿದ್ದರು. ಅಲ್ಲಿಗೆ ಕರಿಹಾಳ ಎರಡನೇ ಸಲ ಮುಳುಗಿತು.

ಅತ್ತಿಗೆ ಮೊದಮೊದಲು ಸಂತೋಷವೇ ಆಗಿತ್ತು. ‘ಹಾಡ್ಲಿ ಬಿಡಪಾ, ಬೀರಪ್ಪನ ಹಾಡು ನಾಕ ಮಂದಿ ಕೇಳ್ಲಿ’ ಅಂದಳು. ದಾನಮ್ಮ ಬೀರಪ್ಪನ ಗುಡಿಯ ಮುಂದೆ ಅತ್ತಿ ಹಾಡಿದ್ದನ್ನು ತನ್ನ ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ಮರುದಿನ ಅದು ಮಾಯ. ಈ ಹಾಡು ಬೇರೆಯವರಿಗೆ ಸೇರಿದ್ದು ಎಂದು ಸೂಚನೆ ಬಂತು. ಹುನಗುಂದದಲ್ಲಿ ಒಂದು ಕಾರ್ಯಕ್ರಮವಿತ್ತು. ಅಲ್ಲಿಯ ಸಂಘಟಕರೂ ಅತ್ತಿಯನ್ನು ಮೈಕಿನ ಮುಂದೆಯೇ ತಡೆದರು. ‘ಅವ್ವಾ, ಆ ಹಾಡು ಬ್ಯಾಡ. ಅದು ಪ್ರವೀಣಕುಮಾರ್ ಅವರದು. ಸುಮ್ನ ನಮಗ ಕೋರ್ಟು ಕಚೇರಿ ಯಾಕ?’

ಮೂವರೂ ‘ಮಣ್ಣು’ವಿಗೆ ಹೋದರು. ನಾನೂ ಜೊತೆಗೆ ಹೋದೆ.

‘ನಮ್ಮ ಹಾಡು ಯಾಕ ತಗಿಸೀರಿ?’ ದಾನಮ್ಮ ನೇರವಾಗಿ ಕೇಳಿದಳು.

ಪ್ರವೀಣಕುಮಾರ ಸಿಟ್ಟಾಗಲಿಲ್ಲ. ಓದಿದವನು. ಲ್ಯಾಪ್‌ಟಾಪು ತಿರುಗಿಸಿ ವಿಡಿಯೊ ಹಚ್ಚಿದ. ಅದರೊಳಗೆ ಅತ್ತಿ ಕೈಮುಗಿದು, ‘ಹಾಡು ನಂದಲ್ರಿ’ ಎನ್ನುತ್ತಿದ್ದಳು.

‘ಅಮ್ಮಾರ ತಮ್ಮ ಬಾಯ್ಲೇ ಹೇಳ್ಯಾರ. ನಾ ಏನ್ ಮಾಡ್ಲಿ?’

‘ಬೀರಪ್ಪಂದು ಅಂತನೂ ಅಂದಾಳಲ್ರಿ?’ ಕಾಕಾ ಕೇಳಿದ.

‘ಹೌದ್ರಿ. ಬೀರಪ್ಪ ಬಂದು ಕೇಳ್ಲಿ. ಆವತ್ತ ಬಿಟ್ಟಕೊಡ್ತೇನಿ.’

ಬಾಗಿಲ ವಾಚ್‌ಮನ್‌ಗೂ ಕೇಳುವಂತೆ ಹೇಳಿ ಅವನು ನಕ್ಕ. ಪಕ್ಕದಲ್ಲಿದ್ದ ವೇಟರನೂ ನಕ್ಕ. ಅದೂ ಅವನ ಕೆಲಸದ ಒಂದು ಭಾಗ.

ಅತ್ತಿ ಒಂದೇ ಮಾತು ಕೇಳಿದಳು. ‘ಹಂಗಾರ ನಾ ಇನ್ನ ನಮ್ಮೂರ ಹಾಡು ಹಾಡಂಗಿಲ್ಲೇನ್ರಿ?’

‘ಮನ್ಯಾಗ ಹಾಡ್ಕೋರಿ ಅಮ್ಮಾರ. ಮನ್ಯಾಗ ನಾ ಏನೂ ಅಡ್ಡಿ ಮಾಡಂಗಿಲ್ಲ.’

ಎಂಥ ದೊಡ್ಡ ಮನಸ್ಸು! ಬಸ್‌ಸ್ಟ್ಯಾಂಡಿಗೆ ಬಂದೆವು. ಬಸ್ಸಿಗೆ ಕಾಯುವಾಗ ಅತ್ತಿ ಅಂದಳು. ‘ಊರು ಹೋತು, ಸುಮ್ನಿದ್ದೆ. ಹೊಲಾ ಹೋತು, ಸುಮ್ನಿದ್ದೆ. ಇದೂ ಹ್ವಾದರ ನಾ ಯಾರಪಾ, ಅಕೀಲಾ?’

ಬಸ್ಸು ಬಂತು, ಹತ್ತಿದೆವು.

ಸ್ವಲ್ಪ ದಿನಕ್ಕೆ ‘ಮಣ್ಣು’ವಿನ ವಾರ್ಷಿಕೋತ್ಸವ ಬಂತು. ಪ್ರವೀಣಕುಮಾರ ನನಗೆ ಫೋನು ಮಾಡಿದ. ‘ಅಕೀಲ, ಡೊಳ್ಳಿನವರನ್ನ ಕರ್ಕೊಂಡ ಬಾ. ಸ್ಟೇಜ್ ಮ್ಯಾಲ ಲುಕ್ ಭಾಳ ಚಲೋ ಬರ್ತೈತಿ. ಅಮ್ಮಾರು ಹಾಡೂದು ಬ್ಯಾಡ. ಹಿಂದ ನಿಂತು ನಕ್ಕರ ಸಾಕು.’

ಈ ಮಾತು ಹೇಳಿದರೆ ಅತ್ತಿ ಉಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಣ್ಣನ ಮುಖ ನೋಡಿದಳು. ಕಾಕಾ ಡೊಳ್ಳಿನ ಹಗ್ಗ ಬಿಗಿಯತೊಡಗಿದ. ‘ಹೋಗೂಣು’ ಅಂದಳು ಅತ್ತಿ.

ಅವತ್ತು ಸಂಜೆ ಮುಂಬಾಗಿಲಲ್ಲಿ ವಾಚ್‌ಮನ್ ನಾಗಲಿಂಗ ತಡೆದ. ‘ಡೊಳ್ಳು ಈ ಕಡೀಂದ ಬಿಡಂಗಿಲ್ರಿ. ಟೈಲ್ಸ್ ಕೆಡ್ತಾವಂತ ಸಾವ್ಕಾರ್ರು ಹೇಳ್ಯಾರ. ಜನರೇಟರ್ ಕಡೀಲೆ ಹಿಂದಿನ ಬಾಗಲಾ ಐತಿ.’ ನೆಲದ ಸೊಗಡು ಹಿಂಬಾಗಿಲಿನಿಂದ, ಡೀಸೆಲ್ ಹೊಗೆಯ ನಡುವೆ, ಒಳಗೆ ಹೋಯಿತು.

ಕೆಫೆ ತುಂಬಿತ್ತು. ಪ್ರವೀಣಕುಮಾರ ಕಂಬಳಿ ಹೊದ್ದು ಬಂದ. ಸೆಕೆಯಾಗದಿರಲಿ ಎಂದು ಏಸಿ ಜೋರು ಮಾಡಿಸಿದ. ಅಳಿದುಹೋಗುತ್ತಿರುವ ಕಲೆಯನ್ನು ಉಳಿಸುವ ತನ್ನ ಹೋರಾಟದ ಬಗ್ಗೆ ಮಾತಾಡಿದ. ಅಳಿಯದೆ ಉಳಿದ ಮೂವರು ಅವನ ಹಿಂದೆಯೇ ನಿಂತಿದ್ದರು. ಆಮೇಲೆ ಹಾಡಿದ. ಮೀನು ಬೀಸುವ ಸಾಲಿಗೆ ಜನ ಮೊಬೈಲಿನ ದೀಪ ಹಚ್ಚಿ ತೂಗಿದರು. ಕತ್ತರಿಸಿದ ಜಾಗ ಬಂತು. ಗಿಟಾರು ನಿಂತಿತು. ಚಪ್ಪಾಳೆ ಬಿತ್ತು.

ಡೊಳ್ಳು ನಿಲ್ಲಲಿಲ್ಲ.

ಪ್ರವೀಣಕುಮಾರ ತಿರುಗಿ ಕೈಸನ್ನೆ ಮಾಡಿದ. ಕಾಕಾ ಅವನನ್ನು ನೋಡುತ್ತಲೇ ಬಾರಿಸಿದ. ‘ನಮ್ಮ ಜಾನಪದ ಕಲಾವಿದರಿಗೆ ಇನ್ನೊಮ್ಮೆ ಜೋರಾಗಿ ಚಪ್ಪಾಳೆ!’ ಎಂದು ಇವನು ಕೂಗಿದ. ಚಪ್ಪಾಳೆ ಬಂತು, ಹೋಯಿತು. ಡೊಳ್ಳು ಹಾಗೇ ನಡೆದಿತ್ತು. ಊರಿನ ಹೆಸರು ಬರದೆ ಅದು ನಿಲ್ಲುವುದಾದರೂ ಹೇಗೆ?

ಅತ್ತಿ ಮುಂದೆ ಬಂದಳು. ಅವಳಿಗೆ ಮೈಕು ಕೊಟ್ಟಿರಲಿಲ್ಲ. ನನ್ನ ಮೇಜಿನ ಮೇಲೆ ಘೋಷಣೆಯ ಮೈಕು ಇತ್ತು. ಎದ್ದು ಹೋಗಿ ಅವಳ ಕೈಗಿಟ್ಟೆ. ಅವಳು ಪ್ರವೀಣಕುಮಾರನ ಎದುರು ನಿಂತು ಸವಾಲು ಹಾಕಿದಳು.

ಹಾಡ ನಂದಲ್ಲಂದೆ, ಬೀರಪ್ಪಂದಂದೆ
ನೀ ಎಂದ ಬೀರಪ್ಪ ಆದ್ಯೋ ತಮ್ಮಾ?
ನೀರಾಗ ಹ್ವಾದೂರ ಹೆಸರೊಂದ ಹೇಳೋ
ಹೇಳಿದರ ಹಾಡ ನಿಂದ ತಮ್ಮಾ!

ಇದೂ ಕಾರ್ಯಕ್ರಮದ ಭಾಗವೆಂದು ಜನ ಸಿಳ್ಳೆ ಹೊಡೆದರು. ಅತ್ತಿ ಮತ್ತೆ ಹಾಡಿದಳು. ದಾನಮ್ಮ ದನಿಗೂಡಿಸಿದಳು. ಮೂರನೇ ಸಲಕ್ಕೆ ಸಿಳ್ಳೆ ನಿಂತಿತು. ಎಲ್ಲರೂ ಅವನ ಬಾಯಿ ನೋಡತೊಡಗಿದರು. ಪದ ಹುಟ್ಟಿದ ಊರಿನದು, ಒಂದೇ ಒಂದು ಹೆಸರು. ಹೇಳಿದ್ದರೆ ಹಾಡು ಅವನದೇ ಆಗುತ್ತಿತ್ತು, ಅತ್ತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆದರೆ ಆ ಹೆಸರನ್ನು ಅವನು ತಾನೇ ಕತ್ತರಿಸಿ ಎಸೆದಿದ್ದ.

‘ಅಕೀಲ, ಮೈಕ್ ಬಂದ್ ಮಾಡಲೇ!’ ಎಂದು ಚೀರಿದ. ಅದೂ ಮೈಕಿನಲ್ಲೇ ಎಲ್ಲರಿಗೂ ಕೇಳಿಸಿತು. ನಾನು ಅವನದನ್ನು ಬಂದ್ ಮಾಡಿದೆ. ಅತ್ತಿಯದನ್ನು ಏರಿಸಿದೆ.

ಆಗ ಬಾಗಿಲ ಕಡೆಯಿಂದ ದನಿಯೊಂದು ಬಂತು. ‘ಕರಿಹಾಳ! ಆ ಊರು ಕರಿಹಾಳ್ರಿ! ಅದರ ಬಾಜೂಕಿನ ಊರು ನಂದು, ಅದೂ ನೀರಾಗ ಹೋತ್ರಿ!’ ವಾಚ್‌ಮನ್ ನಾಗಲಿಂಗ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಆವತ್ತು ನಕ್ಕಿದ್ದ ವೇಟರ್ ಟ್ರೇ ಕೆಳಗಿಟ್ಟು ತನ್ನ ಊರಿನ ಹೆಸರು ಹೇಳಿದ. ಮುಂದಿನ ಮೇಜಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು, ‘ನಮ್ಮಜ್ಜಿದು ಹಳೇ ಬಾಗಲಕೋಟಿ, ಕಿಲ್ಲಾ ಓಣಿ’ ಎಂದಳು. ಒಬ್ಬರಾದ ಮೇಲೊಬ್ಬರು ಮುಳುಗಿದ ಊರುಗಳನ್ನು ಮೇಲೆತ್ತಿದರು. ಅತ್ತಿ ಬಿಟ್ಟುಹೋದ ನುಡಿಯನ್ನು ಹಾಡಿ ಮುಗಿಸಿದಳು.

ಕರಿಹಾಳ ನಮ್ಮೂರ, ಬೀರಣ್ಣ ನಮ ದೇವ್ರ
ಮಾಯಿ ಹಾಡ್ಯಾಳ ನೀರ ದಂಡ್ಯಾಗ.

ಡೊಳ್ಳು ನಿಂತಿತು.

ಇಲ್ಲಿಗೆ ನ್ಯಾಯ ಗೆದ್ದಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ಆದರೆ ಅಂದು ಜನ ಹಿಡಿದ ವಿಡಿಯೊಗಳೆಲ್ಲ ಮರುದಿನವೇ ಮಾಯವಾದವು. ಹಾಡು ಬೇರೆಯವರಿಗೆ ಸೇರಿದ್ದು ಎಂಬ ಅದೇ ಸೂಚನೆ. ‘ಮಣ್ಣು’ವಿಗೆ ಇನ್ನು ಬರಬೇಡ ಎಂದು ನನಗೂ ಫೋನು ಬಂತು. ಸ್ವತಂತ್ರ ಸಂಗೀತ ನನ್ನನ್ನೂ ಸ್ವತಂತ್ರ ಮಾಡಿತು.

ಸಂಜೆ ಅತ್ತಿಯ ಮನೆಗೆ ಹೋದೆ. ಅವಳು ಹೊಲದಿಂದ ಬಂದು ಕೈ ತೊಳೆಯುತ್ತಿದ್ದಳು. ಗೂಟ ಖಾಲಿ ಇತ್ತು. ಡೊಳ್ಳು ಹಗ್ಗದ ಹೊರಸಿನ ಮೇಲೆ ಕೂತಿತ್ತು, ಕಾಕಾ ನೆಲದ ಮೇಲೆ.

‘ಆ ಸಾವ್ಕಾರಂದು ಜವಾಬ್ ಬಂತೇನಲೇ ಅಕೀಲಾ?’

‘ಇಲ್ಲ ಕಾಕಾ.’

‘ಹಂಗಾರ ಶನಿವಾರ ಮತ್ತ ಕೇಳಾಕ ಹೋಗೂಣು.’

ಸುದ್ದಿ ಮೊಬೈಲಿನಲ್ಲಿ ಹೋಗಲಿಲ್ಲ, ಬಸ್ಸಿನಲ್ಲಿ ಹೋಯಿತು. ಕುಳಗೇರಿ ಕ್ರಾಸಿನ ಡೊಳ್ಳಿನ ಮೇಳ ಬಂತು, ಹುನಗುಂದದ ಮೇಳ ಬಂತು. ಕೇಂದ್ರದ ಹೆಂಗಸರು ಕೂಲಿಯಿಂದ ನೇರವಾಗಿ ಬಂದರು. ಶನಿವಾರ ಸಂಜೆ ‘ಮಣ್ಣು’ವಿನ ಮುಂದಿನ ರಸ್ತೆ ಡೊಳ್ಳುಗಳಿಂದ ತುಂಬಿತು. ನಾನು ಮೈಕ್‌ಸೆಟ್ಟು ಒಯ್ದಿರಲಿಲ್ಲ, ಬೇಕಾಗಲೂ ಇಲ್ಲ. ಗಾಜು ಗದಗುಟ್ಟತೊಡಗಿದಾಗ ಪ್ರವೀಣಕುಮಾರ ಮಹಡಿಯ ಕಿಟಕಿಯಿಂದ ಇಣುಕಿದ.

‘ನಾಗಲಿಂಗಾ, ಯಾರಲೇ ಅವರು? ಹಿಂದಿನ ಬಾಗಲಕ್ಕ ಕಳಸು!’

ನಾಗಲಿಂಗ ಹಿಂಬಾಗಿಲು ತೋರಿಸಲಿಲ್ಲ. ಮುಂದಿನ ಗೇಟು ಪೂರ್ತಿ ತೆರೆದು, ಮೇಲೆ ನೋಡಿ ಕೂಗಿದ.

‘ಬೀರಪ್ಪ ಬಂದಾನ್ರೀ ಸಾವ್ಕಾರ್ರ! ಕೇಳಾಕ ಬಂದಾನ!’